ಒಂಬತ್ತೂವರೆಯ ವ್ರತ

ರಾತ್ರಿ 9.30ಕ್ಕೆ ದೀಪ ಆರಿಸುವುದು ನನ್ನ ವ್ರತ. ಸೂರ್ಯೋದಯಕ್ಕೆ 96 ನಿಮಿಷ ಮೊದಲು ಶುರುವಾಗುವ ಬ್ರಾಹ್ಮೀ ಮುಹೂರ್ತದಲ್ಲಿ ಏಳಬೇಕಲ್ಲ! ಆದರೆ ಸಂಜೆ 7.30ಕ್ಕೆ ಶುರುವಾದ ಐಪಿಎಲ್ ಪಂದ್ಯ ಆಗಿನ್ನೂ ಅರ್ಧಕ್ಕೆ ಬಂದಿರುತ್ತದೆ. ಆರ್‌ಸಿಬಿ ಸೋಲಲಿ, ಗೆಲ್ಲಲಿ, ಪಕ್ಕದ ಮನೆಯ ಕೂಗಿಗೆ ನಾನು ಎದ್ದು ಕೂರುವುದು ಗ್ಯಾರಂಟಿ.

ಮತ್ತೆ ಕಣ್ಣು ಹತ್ತಿತು ಅನ್ನುವಾಗ ಅಮೆರಿಕದಿಂದ ಭಾವಮೈದುನನ ಫೋನು: "ಭಾವ, ಮಲಗಿಬಿಟ್ರಾ?"

"ಇಲ್ಲಪ್ಪಾ, ಹೇಳು."

ಅದು ಮುಗಿಯಿತೆಂದರೆ ಹೆಂಡತಿ: "ರೀ, ಹಾಲಿಗೆ ಹೆಪ್ಪು ಹಾಕಿದ್ರಾ?"

ಎದ್ದು ಹೋಗಿ, ಉಗುರುಬೆಚ್ಚಗಿನ ಹಾಲಿಗೆ ಅರ್ಧ ಚಮಚ ಮೊಸರು ಕದಡಿ, ತಟ್ಟೆ ಮುಚ್ಚಿ ಬಂದೆ. ಹಾಲು ಹೆಪ್ಪುಗಟ್ಟಿತು, ಒಡೆದದ್ದು ನನ್ನ ನಿದ್ದೆ.

ಆದರೂ ವ್ರತಭಂಗವಾಗಿಲ್ಲ. ಮಲಗಿದ್ದು 9.30ಕ್ಕೇ, ನಿದ್ದೆ ಮಾಡುತ್ತೇನೆಂದು ನಾನೆಲ್ಲಿ ಹೇಳಿದ್ದೆ?