ಐಡ್ಲಿಂಗ್ ಮೀಮಾಂಸೆ

ಇಂಗ್ಲೆಂಡಿನ ಅಬಿಂಗ್ಡನ್ ಕ್ಷೇತ್ರದಲ್ಲಿ 1962ರಿಂದ 1980ರವರೆಗೆ ಐದು ಲಕ್ಷಕ್ಕೂ ಮಿಕ್ಕಿ ಅವತರಿಸಿದ ಎಂಜಿಬಿ ಎಂಬ ಸ್ಪೋರ್ಟ್ಸ್ ಕಾರು ಈ ಶಾಸ್ತ್ರದ ವಿಷಯ. ಅದು ಓಡುವಾಗಿನ ಗುಣಗಳನ್ನು ಹಾಡಿದವರು ಬೇಕಾದಷ್ಟಿರುವುದರಿಂದ ನಾವು ಆ ಗೋಜಿಗೆ ಹೋಗುವುದಿಲ್ಲ. ಸಿಗ್ನಲ್ಲಿನಲ್ಲಿ ಕೆಂಪು ದೀಪ ಬಿದ್ದು, ಕಾಲು ಆಕ್ಸಿಲರೇಟರಿನಿಂದ ಎದ್ದು, ಎಂಜಿನ್ನು ತನ್ನ ಪಾಡಿಗೆ ತಾನು ಉಸಿರಾಡಿಕೊಂಡಿರಬೇಕಾದ ಹೊತ್ತಿನಲ್ಲಿ ಅದು ಏನು ಮಾಡುತ್ತದೆ, ಏಕೆ ಮಾಡುತ್ತದೆ, ಹಾಗೆ ಮಾಡದಿರಲು ಗೃಹಸ್ಥನಾದವನು ಭಾನುವಾರ ಏನೇನು ಬಿಚ್ಚಬೇಕು ಎಂಬುದಷ್ಟೇ ಇಲ್ಲಿನ ವಿಚಾರ. ಈ ಶಾಸ್ತ್ರಕ್ಕೆ ಅಧಿಕಾರಿ ಯಾರೆಂದರೆ, ಸ್ವಂತ ಫೀಲರ್ ಗೇಜ್ ಉಳ್ಳವನು, ಮೈಮೇಲೆ ಹೊಸ ಶರ್ಟು ಇಲ್ಲದವನು, ಊಟಕ್ಕೆ ಮೂರು ಸಲ ಕರೆದರೂ ಬಾನೆಟ್ಟಿನಿಂದ ತಲೆ ಎತ್ತದವನು.

ಮೊದಲು ಪೂರ್ವಪಕ್ಷ. ರೆಡಿಂಗ್ ಪಟ್ಟಣದ ಕನ್ನಡ ಮನೆಯೊಂದರಲ್ಲಿ ದೊರೆತ ಪಾಠ ಹೀಗಿದೆ: “ರೀ, ಕಾರಿರೋದು ಓಡೋಕೆ. ಓಡ್ತಾ ಇದೆಯಲ್ಲ? ನಿಂತಾಗ ಹೆಂಗೆ ಸದ್ದು ಮಾಡಿದ್ರೆ ನಿಮಗೇನ್ರೀ?” ಕೊನೆಯ ಪದಕ್ಕೆ ಬದಲಾಗಿ ‘ನಿಮ್ಮ ತಲೆ’ ಎಂಬ ಪಾಠಾಂತರವೂ ಉಂಟು. ವಾದ ಬಲವಾದದ್ದು; ಅದನ್ನು ಅಡುಗೆಮನೆಯಲ್ಲಿ ನಿಂತು ಖಂಡಿಸುವುದು ವಿಹಿತವಲ್ಲ. ಗ್ಯಾರೇಜಿಗೆ ಬಂದ ಮೇಲೆ ಸಿದ್ಧಾಂತಿ ಹೇಳಿಕೊಳ್ಳುವುದೇನೆಂದರೆ, ಓಡುವಾಗ ಥ್ರಾಟಲ್ ತೆರೆದಿರುತ್ತದೆ, ಗಾಳಿ ಧಾರಾಳವಾಗಿ ಬರುತ್ತದೆ, ಸಣ್ಣಪುಟ್ಟ ದೋಷ ಅದರಲ್ಲಿ ಮುಚ್ಚಿಹೋಗುತ್ತದೆ. ಥ್ರಾಟಲ್ ಮುಚ್ಚಿದಾಗ ಎಂಜಿನ್ನಿಗೆ ಸಿಗುವುದು ಸಂದಿಯಲ್ಲಿ ನುಸುಳಿದಷ್ಟು ಗಾಳಿ. ಆಗ ಸವೆದ ಗ್ಯಾಸ್ಕೆಟ್ಟಿನಿಂದ ಕಳ್ಳತನದಲ್ಲಿ ಬಂದ ಇನ್ನಿಷ್ಟು ಗಾಳಿ ಲೆಕ್ಕವನ್ನೇ ಕೆಡಿಸುತ್ತದೆ. ಆದ್ದರಿಂದ ಎಂಜಿನ್ನಿನ ಪಾಪಗಳೆಲ್ಲ ಐಡ್ಲಿಂಗಿನಲ್ಲೇ ಬಾಯಿಬಿಡುತ್ತವೆ. ಸಿಗ್ನಲ್ಲಿನಲ್ಲಿ ಪಕ್ಕಕ್ಕೆ ಬಂದು ನಿಂತ ಹೊಸ ಕಾರಿನವನು ಗಾಜು ಇಳಿಸಿ ಅನುಕಂಪದಿಂದ ನೋಡುತ್ತಾನೆಂಬುದು ಗೌಣ ಕಾರಣ. ಗೌಣವೆಂದು ಭಾಷ್ಯಕಾರರು ಒತ್ತಿ ಒತ್ತಿ ಹೇಳುವುದರಿಂದಲೇ ಅದು ಮುಖ್ಯವಿರಬಹುದು.

ರೋಗಲಕ್ಷಣಗಳು ಮೂರು ಬಗೆ: ಕಾಲೆತ್ತಿದರೂ ಎಂಜಿನ್ನು ರೇಸ್ ಇಳಿಸದಿರುವುದು, ಇಳಿಯುತ್ತಾ ಇಳಿಯುತ್ತಾ ಆಫ್ ಆಗಿಬಿಡುವುದು, ಇವೆರಡರ ನಡುವೆ ತೂಗಾಡುವುದು. ಮೂರಕ್ಕೂ ಕಾರಣ ಕಾರ್ಬುರೇಟರೇ ಎಂಬುದು ಲೋಕದ ನಂಬಿಕೆ. ಈ ನಂಬಿಕೆಗೆ ಆಧಾರ ಇಷ್ಟೇ: ಕಾರ್ಬುರೇಟರಿಗೆ ಹೊರಗೆ ಕಾಣುವ ಸ್ಕ್ರೂಗಳಿವೆ. ಸ್ಕ್ರೂ ಕಂಡಲ್ಲಿ ಸ್ಕ್ರೂಡ್ರೈವರ್ ಹಿಡಿದವನ ಕೈ ಸುಮ್ಮನಿರದೆಂಬುದು ಪ್ರತ್ಯಕ್ಷಸಿದ್ಧ. ಹಳೆಯ ಬ್ರಿಟಿಷ್ ಕಾರುಗಳನ್ನು ಬಲ್ಲ ಮೆಕ್ಯಾನಿಕ್ಕುಗಳಾದರೋ, ಕಾರ್ಬುರೇಟರಿನ ಕಾಯಿಲೆಗಳಲ್ಲಿ ಬಹುಪಾಲು ಕರೆಂಟಿನವು ಎನ್ನುತ್ತಾರೆ. ಮೊದಲು ಟ್ಯಾಪೆಟ್, ಆಮೇಲೆ ಪಾಯಿಂಟ್, ಆಮೇಲೆ ಟೈಮಿಂಗ್, ಎಲ್ಲಕ್ಕಿಂತ ಕೊನೆಗೆ ಕಾರ್ಬುರೇಟರ್ ಎಂಬುದೇ ಶಾಸ್ತ್ರಸಮ್ಮತ ಕ್ರಮ. ಮಾಲೀಕನು ಈ ಕ್ರಮವನ್ನು ಒಪ್ಪುತ್ತಾನೆ, ಗೌರವಿಸುತ್ತಾನೆ, ಮತ್ತು ಕಾರ್ಬುರೇಟರಿನಿಂದ ಶುರುಮಾಡುತ್ತಾನೆ.

ಟ್ಯಾಪೆಟ್ ಪ್ರಕರಣದಲ್ಲಿ ಸಂಖ್ಯಾಶಾಸ್ತ್ರದ ಒಂದು ರಹಸ್ಯವಿದೆ. ಎಂಜಿಬಿಯ 1798 ಸಿಸಿ ಎಂಜಿನ್ನಿಗೆ ನಾಲ್ಕು ಸಿಲಿಂಡರ್, ಎಂಟು ವಾಲ್ವ್. ಎಂಟನೆಯದು ಪೂರ್ತಿ ತೆರೆದಿರುವಾಗ ಒಂದನೆಯದರ ಗ್ಯಾಪ್ ನೋಡಬೇಕು, ಆರನೆಯದು ತೆರೆದಾಗ ಮೂರನೆಯದರದು. ತೆರೆದದ್ದನ್ನೂ ನೋಡುವುದನ್ನೂ ಕೂಡಿದರೆ ಯಾವಾಗಲೂ ಒಂಬತ್ತು. ಗ್ರಹಗಳು ಒಂಬತ್ತು, ಧಾನ್ಯಗಳು ಒಂಬತ್ತು. ಎಂಜಿನ್ನು ಯಾರದೆಂಬ ಬಗ್ಗೆ ನಮ್ಮ ಜ್ಯೋತಿಷಿಗಳು ಹಕ್ಕು ಮಂಡಿಸದಿರುವುದು ಆಶ್ಚರ್ಯ. ಗ್ಯಾಪಿನ ಅಳತೆ 0.015 ಇಂಚು. ಡಿಸ್ಟ್ರಿಬ್ಯೂಟರಿನ ಪಾಯಿಂಟಿನ ಗ್ಯಾಪೂ 0.014ರಿಂದ 0.016 ಇಂಚು, ಅಂದರೆ ಫೀಲರ್ ಗೇಜಿನ ಒಂದೇ ಎಲೆಯಲ್ಲಿ ಎರಡು ಕರ್ಮ ಮುಗಿಯುತ್ತದೆ. ಇಷ್ಟು ಸುಲಭವಿದ್ದೂ ಜನ ಇದನ್ನು ಮಾಡುವುದಿಲ್ಲ. ಸುಲಭವಾದದ್ದರಲ್ಲಿ ಪುಣ್ಯ ಕಡಿಮೆ ಎಂಬ ಭಾವನೆಯೇ ಕಾರಣವಿರಬೇಕು.

ಇದು ಪರದೇಶದ ಶಾಸ್ತ್ರ, ನಮಗೇಕೆ ಎಂದು ಕನ್ನಡಿಗರು ಮೂಗು ಮುರಿಯಬೇಕಿಲ್ಲ. ನಮ್ಮ ಅಂಬಾಸಡರಿನಲ್ಲಿದ್ದ 1489 ಸಿಸಿ ಪೆಟ್ರೋಲ್ ಎಂಜಿನ್ನೂ ಇದೂ ಒಂದೇ ಬಿ-ಸೀರೀಸ್ ಗೋತ್ರದವು. ಡಿಸ್ಟ್ರಿಬ್ಯೂಟರನ್ನು ಡೆಲ್ಕೊ ಎನ್ನುತ್ತಾ, ಬೆಂಕಿಪೊಟ್ಟಣದ ರಟ್ಟನ್ನು ಪಾಯಿಂಟಿನ ನಡುವೆ ತೂರಿಸಿ ಗ್ಯಾಪ್ ಕೊಡುತ್ತಿದ್ದ ಟ್ಯಾಕ್ಸಿ ಡ್ರೈವರನನ್ನು ಅಬಿಂಗ್ಡನ್ನಿಗೆ ಕರೆದೊಯ್ದಿದ್ದರೆ ಅವನಿಗೆ ಹೊಸದಾಗಿ ಕಲಿಯುವುದು ಹೆಚ್ಚೇನೂ ಇರುತ್ತಿರಲಿಲ್ಲ, ಚಳಿಯೊಂದನ್ನು ಬಿಟ್ಟು.

ಇನ್ನು ಕಾರ್ಬುರೇಟರ್ ಕಾಂಡ. ಇದರ ಮೂಲಪುರುಷರು ಸ್ಕಿನ್ನರ್ ಸೋದರರು. ‘ಎಸ್‌ಯು’ ಎಂದರೆ ಸ್ಕಿನ್ನರ್ಸ್ ಯೂನಿಯನ್. ಮನೆತನದ ಕಸುಬು ಪಾದರಕ್ಷೆ ವ್ಯಾಪಾರ, ಮೊದಲ ಕಾರ್ಬುರೇಟರಿನಲ್ಲಿ ಗಾಳಿಗೆ ತಕ್ಕಂತೆ ಹಿಗ್ಗಿ ಕುಗ್ಗುತ್ತಿದ್ದುದು ಚರ್ಮದ ತಿದಿ. ಆಮೇಲೆ ಆ ಜಾಗಕ್ಕೆ ಲೋಹದ ಪಿಸ್ಟನ್ ಬಂತು. ಅದರ ಬುಡದಲ್ಲೊಂದು ಮೊನಚು ಸೂಜಿ, ಸೂಜಿಯ ಕೆಳಗೆ ಜೆಟ್. ಪಿಸ್ಟನ್ ಎದ್ದಷ್ಟೂ ಪೆಟ್ರೋಲ್. ಎಂಜಿಬಿಗೆ ಇಂಥವು ಎರಡು. ತತ್ತ್ವದ ಜಗಳ ಹುಟ್ಟಿದ್ದೇ ಇಲ್ಲಿ. ಎರಡೂ ಬೇರೆ ಬೇರೆ, ಒಂದರ ಗಾಳಿ ಇನ್ನೊಂದರದಲ್ಲ, ತಾರತಮ್ಯವನ್ನು ಮೊದಲು ಅಳೆಯಬೇಕೆಂಬುದು ದ್ವೈತ. ನಡುವೆ ಒಂದು ಸ್ಪಿಂಡಲ್ ಎರಡನ್ನೂ ಹಿಡಿದಿರುವುದರಿಂದ ಭೇದವಿದ್ದೂ ಒಂದೇ ಎಂಬುದು ವಿಶಿಷ್ಟಾದ್ವೈತ. 1975ರ ಹೊತ್ತಿಗೆ ಅಮೆರಿಕದ ಹೊಗೆ ಕಾನೂನಿಗೆ ಹೆದರಿ ಅಲ್ಲಿನ ಕಾರುಗಳಿಗೆ ಒಂದೇ ಒಂದು ಜೆನಿತ್-ಸ್ಟ್ರಾಂಬರ್ಗ್ ಕೂರಿಸಲಾಯಿತು; ಇದು ಅದ್ವೈತ. ಆ ಕಾರುಗಳನ್ನು ಕೊಂಡ ಎಷ್ಟೋ ಮಂದಿ ಆಮೇಲೆ ಕೈಯಾರೆ ಖರ್ಚು ಮಾಡಿ ಮತ್ತೆ ಎರಡು ಎಸ್‌ಯು ಹಾಕಿಸಿಕೊಂಡರು. ಉಡುಪಿಯವರಿಗೆ ಇದು ತಿಳಿದಂತಿಲ್ಲ.

ಸಮತೋಲನದ ವಿಧಿ ಹೀಗೆ. ಎರಡರ ನಡುವಿನ ಕ್ಲ್ಯಾಂಪ್ ಸಡಿಲಿಸಿ, ಗಾರ್ಡನ್ನಿನ ಹೋಸ್ ಪೈಪಿನ ತುಂಡೊಂದನ್ನು ತಂದು ಒಂದು ತುದಿ ಕಿವಿಗೆ, ಇನ್ನೊಂದು ತುದಿ ಕಾರ್ಬುರೇಟರಿನ ಬಾಯಿಗೆ. ಎರಡೂ ಕಡೆ ‘ಹುಸ್’ ಒಂದೇ ಶ್ರುತಿಯಲ್ಲಿ ಕೇಳುವವರೆಗೆ ಐಡ್ಲಿಂಗ್ ಸ್ಕ್ರೂ ತಿರುಗಿಸಬೇಕು. ಬೀದಿಯಲ್ಲಿ ಹೋಗುವವರಿಗೆ ಇದು ಮನುಷ್ಯನೊಬ್ಬ ಕಾರಿನೊಂದಿಗೆ ಗುಟ್ಟಾಡುವಂತೆ ಕಾಣುವುದರಿಂದ ಗೇಟಿಗೆ ಬೆನ್ನು ಹಾಕಿ ಕೂರುವುದು ಸದಾಚಾರ. ಆಮೇಲೆ ಮಿಕ್ಸ್ಚರ್. ಪಿಸ್ಟನ್ನನ್ನು ಅದರ ಪಿನ್ನಿನಿಂದ ಕೂದಲಷ್ಟು, ಶಾಸ್ತ್ರೋಕ್ತವಾಗಿ ಇಂಚಿನ ಮೂವತ್ತೆರಡನೇ ಒಂದು ಪಾಲು, ಎತ್ತಬೇಕು. ಎಂಜಿನ್ನು ಕ್ಷಣ ಮೇಲೇರಿ ಮತ್ತೆ ನೆಲೆಗೆ ಬಂದರೆ ಸರಿ. ಏರಿದ್ದು ಏರಿದಲ್ಲೇ ಉಳಿದರೆ ಪೆಟ್ರೋಲ್ ಹೆಚ್ಚು. ಕುಸಿದು ಸಾಯುವಂತಾದರೆ ಕಡಿಮೆ. ಅಡಿಯಲ್ಲಿರುವ ಆರು ಮುಖದ ನಟ್ಟನ್ನು ಒಂದೊಂದೇ ಮುಖದಷ್ಟು ಮೇಲಕ್ಕೋ ಕೆಳಕ್ಕೋ ತಿರುಗಿಸಿ ಮತ್ತೆ ಎತ್ತಿ ನೋಡಬೇಕು. ಒಂದನ್ನು ಸರಿಮಾಡಿದರೆ ಇನ್ನೊಂದು ಕೆಡುತ್ತದೆ. ಅದನ್ನು ಸರಿಮಾಡುವಷ್ಟರಲ್ಲಿ ‘ಹುಸ್’ ಶ್ರುತಿ ತಪ್ಪಿರುತ್ತದೆ. ಇದಕ್ಕೆ ಶಾಸ್ತ್ರದಲ್ಲಿ ಅನವಸ್ಥಾದೋಷ ಎನ್ನುತ್ತಾರೆ, ಮನೆಯಲ್ಲಿ ಬೇರೆ ಏನೋ ಅನ್ನುತ್ತಾರೆ.

ಎಷ್ಟು ತಿರುಗಿಸಿದರೂ ನಿಲ್ಲದಿದ್ದರೆ? ಆಗ ಅದೃಷ್ಟವಾದ ಗಾಳಿಯನ್ನು ಅನುಮಾನದಿಂದ ತಿಳಿಯಬೇಕು. ಥ್ರಾಟಲ್ ಸ್ಪಿಂಡಲ್ ಸವೆದು ಪಕ್ಕದಿಂದ ಗಾಳಿ ಎಳೆಯುತ್ತಿರಬಹುದು. ಅರವತ್ತರ ದಶಕದ ಕೆಲವು ಕಾರುಗಳಲ್ಲಿ ಮ್ಯಾನಿಫೋಲ್ಡಿನ ಮೇಲಿರುವ ಬ್ರೀದರ್ ವಾಲ್ವಿನ ರಬ್ಬರ್ ಪೊರೆ ಹರಿದಿರಬಹುದು. ಕಾರ್ಬುರೇಟರ್ ಕ್ಲೀನರನ್ನು ಅನುಮಾನವಿದ್ದಲ್ಲಿಗೆ ಸಿಂಪಡಿಸಿದಾಗ ಎಂಜಿನ್ನಿನ ಸದ್ದು ಬದಲಾದರೆ ಕಳ್ಳ ಅಲ್ಲೇ. ಆದರೆ ಈ ಎಂಜಿನ್ನಿನಲ್ಲಿ ಎಕ್ಸಾಸ್ಟ್ ಮ್ಯಾನಿಫೋಲ್ಡ್ ಕಾರ್ಬುರೇಟರುಗಳ ಅಡಿಯಲ್ಲೇ ಕಾದು ಕೂತಿರುತ್ತದೆ. ಅದರ ಮೇಲೆ ಉರಿಯುವ ದ್ರವ ಚೆಲ್ಲುವ ಈ ವಿಧಿಯನ್ನು ಶಾಸ್ತ್ರಕಾರರಾಗಿ ವಿವರಿಸಿದೆವೇ ಹೊರತು ಮಾಡಿರೆಂದು ಹೇಳಲಿಲ್ಲ. ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲಿದ್ದರೆ ಅದು ಹೋಮ, ಇಲ್ಲದಿದ್ದರೆ ಇನ್ಶೂರೆನ್ಸ್.

ಇಷ್ಟಾದ ಮೇಲೂ ಸಾಮಾನ್ಯವಾಗಿ ಮಾಲೀಕನು ಬೇಸತ್ತು ಐಡ್ಲಿಂಗ್ ಸ್ಕ್ರೂವನ್ನೇ ಒಂದು ಸುತ್ತು ಹೆಚ್ಚು ಕೊಡುತ್ತಾನೆ. ಎಂಜಿನ್ನು ಜೋರಾಗಿ, ನಿಲ್ಲದೆ ನಡೆಯುತ್ತದೆ. ಅವನು ಸಂತೃಪ್ತಿಯಿಂದ ಬಾನೆಟ್ ಇಳಿಸಿ, ಕೈ ಒರೆಸಿ, ಕೀ ತಿರುಗಿಸಿ ಎಂಜಿನ್ ಆಫ್ ಮಾಡುತ್ತಾನೆ. ಅದು ಆಫ್ ಆಗುವುದಿಲ್ಲ. ಸಿಲಿಂಡರಿನಲ್ಲಿ ಕೆಂಪಗೆ ಕಾದ ಕಾರ್ಬನ್ನೇ ಪ್ಲಗ್ಗಿನ ಕೆಲಸ ವಹಿಸಿಕೊಂಡು, ಹೆಚ್ಚು ತೆರೆದ ಥ್ರಾಟಲಿನಿಂದ ಬಂದ ಮಿಕ್ಸ್ಚರನ್ನು ಉರಿಸುತ್ತಾ, ಕೀ ಜೇಬು ಸೇರಿದ ಮೇಲೂ ಕಾರು ಗಡಗಡನೆ ನಡುಗುತ್ತಾ ನಡೆದೇ ಇರುತ್ತದೆ. ಬೆಳಗಿನಿಂದ ನಿಲ್ಲದಿರಲಿ ಎಂದು ಬೇಡಿಕೊಂಡದ್ದು ಇದನ್ನೇ. ಬಾಗಿಲಲ್ಲಿ ನಿಂತ ಪೂರ್ವಪಕ್ಷದವರು ಏನೂ ಮಾತಾಡದೆ ನೋಡುತ್ತಿರುತ್ತಾರೆ. ಪರಿಹಾರ: ಗೇರಿಗೆ ಹಾಕಿ, ಬ್ರೇಕ್ ಒತ್ತಿ ಹಿಡಿದು, ಕ್ಲಚ್ ಬಿಡುವುದು. ಶಾಶ್ವತ ಪರಿಹಾರ: ಐಡ್ಲಿಂಗ್ ಕಡಿಮೆ ಮಾಡುವುದು, ಅದರ ವಿಧಿ ಮುಂದಿನ ಭಾನುವಾರ.