ಇನ್ನ ಎರಡ ದಿನದ ಕೆಲಸ

ಗಡಹಿಂಗ್ಲಜದ ಯಾವ ಓಣಿಗೆ ಹೋದರೂ ಒಬ್ಬ ದಾದಾ ಸಿಗುತ್ತಾನೆ. ಮನೆಯ ಹಿತ್ತಲಲ್ಲಿ ತಗಡಿನ ಶೆಡ್ಡು. ಮೊದಲು ಅಲ್ಲಿ ಎಮ್ಮೆ ಇತ್ತು. ಎಮ್ಮೆ ಮಾರಿ ಹಳೇ ಜೀಪು ತಂದ. ಅಂದಿನಿಂದ ಮನೆಯಲ್ಲಿ ಹಾಲಿಗೆ ಬರ, ಎಣ್ಣೆಗೆ ಸುಗ್ಗಿ.

ಇವನಿಗೆ ಗಾಡಿ ಓಡಿಸುವ ಹುಚ್ಚು ಎಂದು ತಿಳಿದವರು ಇವನನ್ನು ಅರಿತವರಲ್ಲ. ಓಡುವ ಗಾಡಿ ಕಂಡರೆ ಕಸಿವಿಸಿ, ಬಿಚ್ಚಿ ಹರವಿದ ಗಾಡಿ ಕಂಡರೆ ಜೀವ ತಂಪು. ಜೀಪಿಗೆ ಈಗ ಟೆಂಪೋದ ಇಂಜಿನ್ನು, ಕಬ್ಬಿನ ಟ್ರೇಲರಿನ ಪಾಟಾ, ಟ್ರ್ಯಾಕ್ಟರಿನ ಲೈಟು. ಮೂಲದ್ದೆಂದು ಉಳಿದದ್ದು ಎಂಎಚ್ 09 ಎಂದು ಬರೆದ ನಂಬರ್ ಪ್ಲೇಟು ಮಾತ್ರ. ಅದೂ ಸದ್ಯ ಕೋಳಿಗೂಡಿನ ಬಾಗಿಲಾಗಿದೆ.

"ದಾದಾ, ಯಾವಾಗ ಮುಗೀತೈತಿ?"

"ಇನ್ನ ಎರಡ ದಿನದ ಕೆಲಸ ಐತಿ ಅಷ್ಟ."

ಒಳಗಿಂದ ದಾದಾನ ಹೆಂಡತಿ, ಓಣಿಗೆಲ್ಲ ವೈನಿ: "ಎರಡ ದಿನ ಅನಕೋತ ಎರಡ ದೀಪಾವಳಿ ಹೋದೂ."

ಇವನ ಲೋಕಕ್ಕೆ ಮೂರು ಊರು. ಬಿಚ್ಚುವುದು ಗಡಹಿಂಗ್ಲಜದಲ್ಲಿ. ಸಲಹೆಗೆ ಇಚಲಕರಂಜಿ. 1904ರಲ್ಲಿ ವಿಠ್ಠಲರಾವ ದಾತಾರರು ಮೊದಲ ಪವರ್‌ಲೂಮ್ ತಂದಾಗಿನಿಂದ ಆ ಊರಿನ ಕಿವಿ ಯಂತ್ರದ ಸದ್ದಿಗೇ ಹದಗೊಂಡಿದೆ. ಅಲ್ಲಿ ಮಗ್ಗ ರಿಪೇರಿ ಮಾಡುವ ಜಾಬರ್ ಒಬ್ಬ ಇವನ ಗುರು. ಫೋನಿನಲ್ಲೇ ಇಂಜಿನ್ನಿನ ಸದ್ದು ಕೇಳಿ "ಬೇರಿಂಗ್ ಹೋಗೈತಿ" ಅನ್ನುತ್ತಾನೆ. ಒಮ್ಮೆ ವೈನಿ ಮಿಕ್ಸರ್ ಹಾಕಿದ್ದಾಗಲೂ ಹಾಗೇ ಅಂದನಂತೆ. ಇನ್ನು ಮುರಿದದ್ದನ್ನು ಮಾಡಿಸಲು ಕೊಲ್ಹಾಪುರದ ಉದ್ಯಮನಗರ. ಆಯಿಲ್ ಇಂಜಿನ್ನಿನ ಕಾಲದಿಂದ ಲೇತಿನ ಮುಂದೆ ನಿಂತ ಜನ ಅವರು. ಶಿರೋಲಿ, ಗೋಕುಳ ಶಿರಗಾಂವದ ಫೌಂಡ್ರಿಗಳು ದೊಡ್ಡ ಕಂಪನಿಗಳ ಗಾಡಿಗೆ ಎರಕ ಹೊಯ್ದು ಕೊಡುವಾಗ ತನ್ನದೊಂದು ಬ್ರ್ಯಾಕೆಟ್ ಯಾವ ಲೆಕ್ಕ ಎಂಬುದು ದಾದಾನ ವಾದ.

ಕೊಲ್ಹಾಪುರದ ದಸರೆಯನ್ನಂತೂ ತಪ್ಪಿಸುವುದಿಲ್ಲ. ಛತ್ರಪತಿ ಮನೆತನದ ಕೇಸರಿ ಬಣ್ಣದ ಜರ್ಮನ್ ಮೇಬ್ಯಾಕ್ ಕಾರು ಹೊರಬರುವುದು ಆಗಲೇ. ದಸರಾ ಚೌಕದಲ್ಲಿ ಮಂದಿಯೆಲ್ಲ ಮಹಾರಾಜರಿಗೆ ಕೈಮುಗಿದರೆ ಇವನು ನೆಲಕ್ಕೆ ಬಗ್ಗುತ್ತಾನೆ. ಭಕ್ತಿ ಮೆಚ್ಚಬೇಕು ಅಂದುಕೊಂಡಿರೋ, ಅವನು ನೋಡುತ್ತಿರುವುದು ಚಾಸಿ.

2019ರ ಜನವರಿಯಲ್ಲಿ ಸುಪ್ರೀಂ ಕೋರ್ಟು, ಕಂಪನಿ ಕೊಟ್ಟ ಮೂಲ ವಿವರಕ್ಕೆ ವಿರುದ್ಧವಾಗಿ ಗಾಡಿ ಬದಲಿಸಕೂಡದು ಎಂದಿತು. ಅದೇ ವರ್ಷ ತಿದ್ದಿದ ಮೋಟಾರು ವಾಹನ ಕಾಯ್ದೆಯಲ್ಲಿ ಒಂದೊಂದು ಬದಲಾವಣೆಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡೂ. ಮಗ ಮೊಬೈಲಿನಲ್ಲಿ ಲೆಕ್ಕ ಹಾಕತೊಡಗಿದ. ಬಂಪರಿನಿಂದ ಶುರುಮಾಡಿ ಸ್ಟೇರಿಂಗಿಗೆ ಬರುವಷ್ಟರಲ್ಲಿ ವೈನಿ, "ಸಾಕ ಮಾಡೋ, ಜೈಲೇ ಸೋವಿ ಬೀಳ್ತೈತಿ" ಅಂದಳು. ದಾದಾ ಮಾತ್ರ ಪಾನಾ ಕೆಳಗಿಡಲಿಲ್ಲ. "ಗಾಡಿ ರಸ್ತೇಕ ಇಳಿದರ ಅಲ್ಲ ದಂಡ?" ಇಷ್ಟು ಗಟ್ಟಿ ವಕಾಲತ್ತು ಹೈಕೋರ್ಟಿನಲ್ಲೂ ಸಿಗಲಿಕ್ಕಿಲ್ಲ.

ಪಕ್ಕದ ಸಾಂಗಲಿ ಜಿಲ್ಲೆಯ ದೇವರಾಷ್ಟ್ರೆಯಲ್ಲಿ ದತ್ತಾತ್ರಯ ಲೋಹಾರರು ಗುಜರಿಯಿಂದ ಪುಟ್ಟ ಜೀಪು ಕಟ್ಟಿದ್ದರು. ಬೈಕಿನ ಹಾಗೆ ಕಿಕ್ ಹೊಡೆದರೆ ಶುರುವಾಗುವ ಜೀಪು. ಅದಕ್ಕೆ ಬದಲಾಗಿ 2022ರ ಜನವರಿಯಲ್ಲಿ ಆನಂದ ಮಹೀಂದ್ರಾ ಹೊಸ ಬೊಲೆರೋ ಕೊಡಿಸಿದಾಗ ಓಣಿಯೆಲ್ಲ ದಾದಾನ ಶೆಡ್ಡಿಗೆ ಓಡಿ ಬಂತು.

"ನಿಮಗೂ ಕೊಡ್ತಾರ ದಾದಾ!"

ದಾದಾ ಗಂಭೀರನಾದ. "ಕೊಟ್ಟರೂ ಮತ್ತ ಬಿಚ್ಚಬೇಕಲ್ಲೋ. ಜಾಗಾ ಎಲ್ಲೈತಿ?"

ಗಾಡಿ ಕಟ್ಟುವ ಈ ಪುಣ್ಯಾತ್ಮ ಊರೂರು ತಿರುಗುವುದು ಎಸ್‌ಟಿ ಬಸ್ಸಿನಲ್ಲಿ. ಮೊನ್ನೆ ಉದ್ಯಮನಗರದಿಂದ ಗೇರ್‌ಬಾಕ್ಸನ್ನು ತೊಡೆಯ ಮೇಲೆ ಕೂರಿಸಿಕೊಂಡು ಬರುತ್ತಿದ್ದ. ಕಂಡಕ್ಟರ್ ಮರಾಠಿಯಲ್ಲಿ ಲಗೇಜ್ ಟಿಕೆಟ್ ಕೇಳಿದ. ಇವನು ಕನ್ನಡದಲ್ಲಿ, ಮಡಿಲ ಕೂಸಿಗೆ ಟಿಕೆಟ್ ಇಲ್ಲ ಅಂದ. ಜಗಳ ಕಾಗಲದವರೆಗೂ ನಡೆಯಿತು. ಆಮೇಲೆ ಕಂಡಕ್ಟರ್ ಬಗ್ಗಿ, ಗೇರ್‌ಬಾಕ್ಸಿನ ಹಲ್ಲು ಬೆರಳಿಂದ ಸವರಿ, ಸಣ್ಣ ದನಿಯಲ್ಲಿ ಕನ್ನಡಕ್ಕೇ ಇಳಿದ: "ನಂದೂ ಒಂದ ರಾಜದೂತ ಐತ್ರಿ ಮನ್ಯಾಗ. ಬಿಚ್ಚಿ ಇಟ್ಟೀನಿ."

ದಾದಾ ಸರಿದು ಪಕ್ಕದಲ್ಲಿ ಜಾಗ ಕೊಟ್ಟ. ನಿಪ್ಪಾಣಿ ಬಂದರೂ ಹಿಂದಿನ ಸೀಟಿನವರಿಗೆ ಟಿಕೆಟ್ ಸಿಕ್ಕಿರಲಿಲ್ಲ.