ಕರಿಬೇವಿನ ಹಕ್ಕುದಾರರು

ಚಿಟ್ಟೆ ಬೇಡ ಅನ್ನುವವರನ್ನು ನಾನು ಕಂಡಿಲ್ಲ. ಆದರೆ ಅದು ನೇರವಾಗಿ ಚಿಟ್ಟೆಯಾಗಿಯೇ ಬರಬೇಕು, ನಡುವೆ ಹುಳದ ಅವತಾರ ಎತ್ತಕೂಡದು ಎಂಬುದು ನಮ್ಮ ಬೀದಿಯ ಒಮ್ಮತದ ತೀರ್ಮಾನ.

ಮೈಸೂರಿನ ಮೂವತ್ತು-ನಲವತ್ತರ ಸೈಟು ನಮ್ಮದು. ಕಾರಿಗೂ ತುಳಸಿಕಟ್ಟೆಗೂ ಬಿಟ್ಟು ಮಿಕ್ಕ ಒಂದು ಪಟ್ಟಿ ನೆಲಕ್ಕೆ ನಾನು ‘ಜೀವವೈವಿಧ್ಯ ತೋಟ’ ಎಂದು ಹೆಸರಿಟ್ಟಿದ್ದೇನೆ. ಮನೆಯಾಕೆಯ ಬಾಯಲ್ಲಿ ಅದು ‘ಆ ಕೊಂಪೆ’.

ಜಗಳವೆಲ್ಲ ಕರಿಬೇವಿನದು. ನಿಂಬೆ ಚಿಟ್ಟೆಗೆ ಈ ಗಿಡ ಹೆರಿಗೆಯ ತವರು. ಮುಂಗಾಲಿನಿಂದ ಚಿಗುರನ್ನು ತಟ್ಟಿ ತಟ್ಟಿ ರುಚಿ ನೋಡಿ, ಒಂದೊಂದೇ ಮೊಟ್ಟೆಯಿಟ್ಟು ಹಾರಿಹೋಗುತ್ತದೆ. ಮರಿಹುಳ ಹಕ್ಕಿಹಿಕ್ಕೆಯ ವೇಷ ಹಾಕಿ ಎಲೆಯ ಮೇಲೆ ಬಿದ್ದಿರುತ್ತದೆ. ಬಲಿತ ಮೇಲೆ ಹಸಿರು ಅಂಗಿ. ಮುಟ್ಟಿದಿರೋ, ತಲೆಯ ಹಿಂದಿನಿಂದ ಕವಲುಕೊಂಬು ಚಾಚಿ ಗಪ್ಪೆಂದು ನಾತ ಬಿಡುತ್ತದೆ.

“ರೀ, ಒಗ್ಗರಣೆ ಸೀದುಹೋಗ್ತಿದೆ. ಒಂದು ಕಡ್ಡಿ ಕರಿಬೇವು ತನ್ನಿ.”

“ಇದರಲ್ಲಿ ಹುಳ ಇದೆಯಲ್ಲೇ.”

“ಪಕ್ಕದ ಕಡ್ಡಿ?”

“ಅದರಲ್ಲಿ ಮೊಟ್ಟೆ.”

“ಹಾಗಾದ್ರೆ ಸಾರಿಗೆ ಚಿಟ್ಟೇನೇ ಹಾಕ್ಲಾ?”

ಈಗ ಕರಿಬೇವನ್ನು ದುಡ್ಡು ಕೊಟ್ಟು ತರುತ್ತೇನೆ. “ಮನೇಲೇ ಗಿಡ ಐತಲ್ಲ ಸ್ವಾಮಿ?” ಎಂದು ತರಕಾರಿಯಮ್ಮ ಕೇಳಿದರೆ, “ಐತೆ ಕಣಮ್ಮ, ಅದು ಅವರದು” ಎನ್ನುತ್ತೇನೆ. ‘ಅವರು’ ಯಾರೆಂದು ಆಕೆ ಕೇಳಿಲ್ಲ. ದಾಯಾದಿ ವ್ಯಾಜ್ಯವೆಂದುಕೊಂಡಿರಬೇಕು.

ನೆಲಕ್ಕೆ ಟೈಲ್ಸ್ ಹಾಕಿಸುವ ಮಾತು ಮಾತ್ರ ಬದನೆಯ ದಯೆಯಿಂದ ನಿಂತಿದೆ. ಬದನೆ ಹೂವು ಪರಾಗವನ್ನು ಸುಮ್ಮಸುಮ್ಮನೆ ಬಿಟ್ಟುಕೊಡುವುದಿಲ್ಲ. ನೀಲಿ ಪಟ್ಟೆಯ ಒಂಟಿಜೇನು ಬಂದು ಹೂವನ್ನು ತಬ್ಬಿ ಝುಂಯ್ಯೆಂದು ಅದುರಿಸಬೇಕು. ಡಬ್ಬಿಯಲ್ಲಿ ಸಾಕುವ ತುಡುವೆಗೆ ಈ ವಿದ್ಯೆ ಬಾರದು. ಈ ನೀಲಮ್ಮ ಗೂಡು ಕೊರೆಯುವುದು ಬರಿ ಮಣ್ಣಿನಲ್ಲಿ. “ಟೈಲ್ಸೋ, ವಾಂಗೀಬಾತೋ?” ಎಂದು ಕೇಳಿದೆ. ವಾಂಗೀಬಾತು ಗೆದ್ದಿತು.

ಎದುರುಮನೆ ರಾಯರ ತಕರಾರು ಎಕ್ಕದ ಗಿಡದ ಮೇಲೆ. “ಮನೆ ಎಕ್ಕುಟ್ಟಿ ಹೋಗ್ಲಿ ಅಂತ ಬೆಳೆಸಿದೀರಾ?” ಪ್ಲೇನ್ ಟೈಗರ್ ಚಿಟ್ಟೆಯ ಹುಳಕ್ಕೆ ಎಕ್ಕದೆಲೆಯೇ ಊಟ, ಅದರ ಹಾಲಿನ ವಿಷವನ್ನು ಮೈಯಲ್ಲಿ ಉಳಿಸಿಕೊಂಡಿದ್ದರಿಂದಲೇ ಹಕ್ಕಿಗಳು ಅದರ ತಂಟೆಗೆ ಬರುವುದಿಲ್ಲ ಎಂದು ವಿವರಿಸಿದೆ. ರಾಯರೂ ಕೆಲಕಾಲ ನನ್ನ ತಂಟೆಗೆ ಬರಲಿಲ್ಲ.

ರಥಸಪ್ತಮಿಯ ಬೆಳಗ್ಗೆ ಟವೆಲ್ ಸುತ್ತಿಕೊಂಡು ಗೇಟಿನ ಬಳಿ ನಿಂತಿದ್ದರು. “ಸ್ನಾನಕ್ಕೆ ಏಳು ಎಕ್ಕದೆಲೆ ಬೇಕಿತ್ತು. ಹುಳ ತಿನ್ನದೇ ಇರೋದು ನೋಡಿ ಕೊಡಿ.”

ಗಿಡವನ್ನೆಲ್ಲ ತಡಕಿದರೂ ಇಡಿಯಾಗಿದ್ದವು ನಾಲ್ಕೇ. ಉಳಿದ ಮೂರನ್ನು ತೂತಿರುವಂತೆಯೇ ಕೈಗಿಟ್ಟು, “ಸೂರ್ಯನಾರಾಯಣನಿಗೆ ಬೆಳಕು ಬಿಡೋಕೆ ಅನುಕೂಲ ಬಿಡಿ ರಾಯರೇ” ಎಂದೆ.